‘ಒಡನಾಟ’ ಅನ್ನೋ ಕಡೆ ‘ಸಹವಾಸ’ ಅಂದರೆ ತಪ್ಪಾ?

ಪ್ರಶ್ನೆ: ಒಡನಾಟ, ಸಹವಾಸ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ ಅಲ್ವಾ? ಯಾವುದನ್ನು ಬೇಕಾದರೂ ಬಳಸಬಹುದಾ?

ದಯವಿಟ್ಟು ಬೇಡ. ನಾನು ಒಮ್ಮೆ ಬಳಸಿ ಕೆಟ್ಟಿದ್ದೇನೆ. ಆಫೀಸಿನ ಹಿರಿಯರೊಬ್ಬರ ಬೀಳ್ಕೊಡುಗೆಗೆ ಕಾರ್ಡ್ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ‘ನಿಮ್ಮ 30 ವರ್ಷದ ಸಹವಾಸ ಮರೆಯೋಕಾಗಲ್ಲ ಸಾರ್’ ಎಂದು ಬರೆದೆ. ಓದಿದವರೆಲ್ಲ ಬಿದ್ದು ಬಿದ್ದು ನಕ್ಕರು. ಪಾಪ, ಅವರು 30 ವರ್ಷ ನಮಗೆ ಕಾಟ ಕೊಟ್ಟ ಹಾಗಿತ್ತು!

ಸಹವಾಸ ಸಂಸ್ಕೃತದಿಂದ ಬಂದ ಪದ. ಜೊತೆಯಲ್ಲಿ ಇರುವುದು, ಅಷ್ಟೇ. ಕೆಡಿಸಿದ್ದು ನಮ್ಮ ಬಾಯಿ. ‘ಅವನ ಸಹವಾಸ ಸಾಕಪ್ಪ’, ‘ಸಾಲದ ಸಹವಾಸವೇ ಬೇಡ’, ‘ಎಲ್ಲಾ ಸಹವಾಸದೋಷ’. ಸಹವಾಸದಿಂದ ಸನ್ಯಾಸಿ ಕೆಟ್ಟ ಅಂತ ಗಾದೆ ಬೇರೆ. ‘ಒಳ್ಳೆಯವರ ಸಹವಾಸ ಮಾಡು’ ಅಂತಲೂ ಹೇಳುತ್ತೇವೆ, ನಿಜ. ಆದರೆ ಅಲ್ಲಿ ‘ಒಳ್ಳೆಯವರ’ ಅಂತ ಬಿಡಿಸಿ ಹೇಳಲೇಬೇಕು. ಸುಮ್ನೆ ಸಹವಾಸ ಅಂದರೆ ಕೇಳುವವರು ಕೆಟ್ಟದ್ದನ್ನೇ ಊಹಿಸುತ್ತಾರೆ.

ಒಡನಾಟ ಅಚ್ಚಗನ್ನಡ. ಒಡನೆ ಅಂದರೆ ಜೊತೆಗೆ. ‘ಬಂದೊಡನೆ’ ಅನ್ನುವಾಗ ಅದೇ ಪದ ‘ತಕ್ಷಣ’ ಆಗುತ್ತದೆ. ತಮಿಳಿನ ‘ಉಡನ್’ ಇದರ ನೆಂಟ, ಅಲ್ಲೂ ಎರಡೂ ಅರ್ಥ ಉಂಟು. ಒಡಹುಟ್ಟಿದವರು, ಒಡಂಬಡಿಕೆ, ಒಡನಾಡಿ ಎಲ್ಲ ಒಂದೇ ಬಳಗ. (ಒಡವೆ, ಒಡೆಯ ಬೇರೆ ಮನೆಯವು, ಇಲ್ಲಿಗೆ ಎಳೆದು ತರಬೇಡಿ.) ಇನ್ನು ‘ಆಟ’ ಬರೀ ಚಿನ್ನಿದಾಂಡು ಅಲ್ಲ. ಓಡಾಟ, ತಿರುಗಾಟ, ಒದ್ದಾಟ ನೋಡಿ, ಒಂದು ಸಲಕ್ಕೆ ಮುಗಿಯದೆ ನಡೆಯುತ್ತಲೇ ಇರುವ ಕೆಲಸ. ಹಾಗಾಗಿ ಒಡನಾಟಕ್ಕೆ ದಿನಗಳು ಸವೆಯಬೇಕು. ಬಸ್ಸಿನಲ್ಲಿ ಪಕ್ಕದವರ ಜೊತೆ ಎರಡು ತಾಸು ಹರಟಿದರೆ ಅದು ಪರಿಚಯ. ವರ್ಷಗಟ್ಟಲೆ ಅದೇ ಬಸ್ಸು, ಅದೇ ಸೀಟು, ಅವರ ಡಬ್ಬಿಯ ಚಿತ್ರಾನ್ನದಲ್ಲಿ ನಿಮಗೂ ಪಾಲು ಅಂದರೆ ಒಡನಾಟ.

ಸಮಾನ ವಯಸ್ಸಿನ ಗೆಳೆತನವೇ ಆಗಬೇಕಿಲ್ಲ. ಮೇಷ್ಟ್ರನ್ನು ‘ನನ್ನ ಗೆಳೆಯರು’ ಅನ್ನಲು ನಾಲಿಗೆ ತಡೆಯುತ್ತದೆ. ‘ಅವರ ಒಡನಾಟ ಸಿಕ್ಕಿತ್ತು’ ಅನ್ನಬಹುದು. ಕಾಡಿನ ಒಡನಾಟ, ಪುಸ್ತಕದ ಒಡನಾಟವೂ ಸರಿಯೇ. ‘ಸಂಗಾತಿ’ ಮಾತ್ರ ಜೋಪಾನ, ಈಗ ಅದು ಜಾಸ್ತಿ ಗಂಡ ಹೆಂಡತಿಗೇ ಮೀಸಲು.

ಆದರೆ ಒಡನಾಟ ಬರವಣಿಗೆಯ, ವೇದಿಕೆಯ ಪದ. ಅಡುಗೆಮನೆಯಲ್ಲಿ ನಿಂತು ಯಾರೂ ‘ಪಕ್ಕದ ಮನೆಯವರ ಒಡನಾಟವಿದೆ’ ಅನ್ನುವುದಿಲ್ಲ. ‘ಅವರೂ ನಾವೂ ಚೆನ್ನಾಗಿ ಬಳಕೆ’ ಅನ್ನುತ್ತಾರೆ.

ಅಂದಹಾಗೆ, ಆ ಕಾರ್ಡನ್ನು ತಿದ್ದಿ ಹೊಸದು ಬರೆದೆ. ಸಾರ್ ಎರಡನ್ನೂ ಓದಿ, ಸಹವಾಸದ್ದನ್ನೇ ಇಸ್ಕೊಂಡು ಹೋದರು.