ಗೋಡೆ ಕುಗ್ಗುವುದಿಲ್ಲ, ಅಕ್ಷರ ಹಿಗ್ಗುತ್ತದೆ

ಕ್ಯಾಡ್, ಅಂದರೆ ಕಂಪ್ಯೂಟರ್‌ನಲ್ಲಿ ನಕ್ಷೆ ಬರೆಯುವುದನ್ನು ಕಲಿಯಲು ಕೂತವರು ಮೊದಲು ಕೇಳುವ ಪ್ರಶ್ನೆ ಇದು: "ಯಾವ ಸ್ಕೇಲ್‌ನಲ್ಲಿ ಬರೆಯಲಿ? 1:100ರಲ್ಲೋ, 1:50ರಲ್ಲೋ?" ಯಾವುದರಲ್ಲೂ ಬೇಡ. ಗೋಡೆ ಆರು ಮೀಟರ್ ಇದ್ದರೆ ಮಿಲಿಮೀಟರ್‌ನಲ್ಲಿ 6000 ಅಂತ ಟೈಪ್ ಮಾಡಿ ಎಂಟರ್ ಒತ್ತಿ, ಮುಗೀತು. ಇಷ್ಟು ಹೇಳಿದ ಮೇಲೂ ಕ್ಯಾಲ್ಕ್ಯುಲೇಟರ್ ತೆಗೆದು, 6000ವನ್ನು 100ರಿಂದ ಭಾಗಿಸಿ, 60ರ ಗೆರೆ ಎಳೆಯುವವರಿದ್ದಾರೆ. ಅಂಥವರ ಫೈಲ್ ಕೈಗೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ಕಂಪ್ಯೂಟರ್ ಮಾಡಿದ ದೊಡ್ಡ ಉಪಕಾರವನ್ನೇ ಬೇಡ ಅಂದ ಹಾಗಾಯಿತಲ್ಲ!

ಡ್ರಾಯಿಂಗ್ ಬೋರ್ಡ್ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ. ಹಾಳೆ ಒಂದು ಮೀಟರ್, ಕಟ್ಟಡ ಮೂವತ್ತು ಮೀಟರ್. ಕಟ್ಟಡವನ್ನು ಕುಗ್ಗಿಸಲೇಬೇಕು. ಮೂರು ಮಗ್ಗುಲಿನ ಸ್ಕೇಲ್ ಪಟ್ಟಿ ಇದ್ದದ್ದೇ ಅದಕ್ಕೆ. ಆದರೆ ಅಳತೆಯ ಅಂಕಿಗಳನ್ನು ಯಾರೂ ಕುಗ್ಗಿಸುತ್ತಿರಲಿಲ್ಲ. ಕಣ್ಣಿಗೆ ಓದಲು ಎಷ್ಟು ಬೇಕೋ ಅಷ್ಟೇ ಎತ್ತರಕ್ಕೆ ಬರೆಯುತ್ತಿದ್ದರು. ಒಂದೇ ಹಾಳೆಯಲ್ಲಿ ಕಟ್ಟಡ ಕುಗ್ಗಿತ್ತು, ಅಕ್ಷರ ಮಾತ್ರ ತನ್ನ ನಿಜ ಗಾತ್ರದಲ್ಲೇ ಇತ್ತು.

ಈ ಕುಗ್ಗಿಸುವ ಕೆಲಸ ತುಂಬ ಹಳೆಯದು. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ಮೆಸೊಪೊಟೇಮಿಯದ ಲಗಾಶ್ ರಾಜ್ಯದ ದೊರೆ ಗುಡಿಯಾನ ಮೂರ್ತಿ ಇದೆ. ಸುಮಾರು 4,100 ವರ್ಷ ಹಿಂದಿನದು. ತಲೆ ಹೋಗಿದೆ, ತೊಡೆಯ ಮೇಲಿನ ಹಲಗೆ ಉಳಿದಿದೆ. ಹಲಗೆಯಲ್ಲಿ ಗೋಡೆಯೊಂದರ ನಕ್ಷೆ, ಜೊತೆಗೆ ಗೆರೆ ಕೊರೆದ ಅಳತೆಪಟ್ಟಿ. ರೋಮ್‌ನಲ್ಲಿ 3ನೇ ಶತಮಾನದ ಆರಂಭದಲ್ಲಿ ಇಡೀ ನಗರದ ನಕ್ಷೆಯನ್ನೇ ಅಮೃತಶಿಲೆಯಲ್ಲಿ ಕೆತ್ತಿ ಗೋಡೆಗೆ ಕೂರಿಸಿದ್ದರು. ಅದರ ಸ್ಕೇಲ್ ಹೆಚ್ಚುಕಡಿಮೆ 1:240. ಕಲ್ಲಾಗಲಿ ಕಾಗದವಾಗಲಿ, ಜಾಗ ಅಷ್ಟೇ. ವಸ್ತು ಅದರೊಳಗೆ ಹಿಡಿಯಬೇಕು.

ಕಂಪ್ಯೂಟರ್‌ಗೆ ಆ ಕಟ್ಟುಪಾಡು ಇಲ್ಲ. 1963ರಲ್ಲಿ ಎಂಐಟಿಯಲ್ಲಿ ಐವನ್ ಸದರ್ಲೆಂಡ್ ಸ್ಕೆಚ್‌ಪ್ಯಾಡ್ ಎಂಬ ಪ್ರೋಗ್ರಾಂ ಬರೆದರು. ಪರದೆಯ ಚೌಕ ಏಳೇ ಇಂಚು. ಆದರೆ ಅದನ್ನು 2000 ಪಟ್ಟು ಹಿಗ್ಗಿಸಿ ನೋಡಬಹುದಿತ್ತು. ಲೆಕ್ಕ ಹಾಕಿದರೆ, ಒಳಗಿದ್ದ 'ಹಾಳೆ'ಯ ಒಂದು ಮಗ್ಗುಲು ಸುಮಾರು ಕಾಲು ಮೈಲಿ! ಅಷ್ಟು ಜಾಗ ಇದ್ದಮೇಲೆ ಗೋಡೆಯನ್ನು ಯಾಕೆ ಕುಗ್ಗಿಸಬೇಕು? ನಿಜ ಗಾತ್ರದಲ್ಲೇ ಇರಲಿ ಬಿಡಿ.

ಸರಿ, ಗೋಡೆ ಇದ್ದ ಹಾಗೇ ಇತ್ತು. ಈಗ ಅದಕ್ಕೆ ಅಳತೆ ಕೊಡಿ. ಗೆರೆ ಬರುತ್ತದೆ, ಅಂಕಿ ಕಾಣುವುದೇ ಇಲ್ಲ. ಪ್ರೋಗ್ರಾಂ ಕೆಟ್ಟಿದೆ ಅಂತ ಹಲವರು ಅಂದುಕೊಳ್ಳುವುದು ಇಲ್ಲೇ. ಕೆಟ್ಟಿಲ್ಲ. ಆಟೋಕ್ಯಾಡ್ ಎಂಬ ಕ್ಯಾಡ್ ಪ್ರೋಗ್ರಾಂನ ಮೆಟ್ರಿಕ್ ಫೈಲ್‌ಗಳಲ್ಲಿ ಬರುವ ಐಎಸ್‌ಒ-25 ಎಂಬ ಡೈಮೆನ್ಷನ್ ಸ್ಟೈಲ್‌ನಲ್ಲಿ (ಅಳತೆ ಹೇಗೆ ಕಾಣಬೇಕೆಂದು ಹೇಳುವ ಸೆಟ್ಟಿಂಗ್‌ಗಳ ಕಟ್ಟು) ಅಕ್ಷರದ ಎತ್ತರ 2.5 ಮಿ.ಮೀ. ಆರು ಮೀಟರ್ ಗೋಡೆ ಪರದೆಯಲ್ಲಿ 1200 ಪಿಕ್ಸೆಲ್ ಹಿಡಿದಿದ್ದರೆ, ಒಂದು ಪಿಕ್ಸೆಲ್‌ಗೆ 5 ಮಿ.ಮೀ. ಅಂದರೆ ಅಂಕಿಯ ಎತ್ತರ ಅರ್ಧ ಪಿಕ್ಸೆಲ್. ನಿಜವಾದ ಆರು ಮೀಟರ್ ಗೋಡೆಯ ಪಕ್ಕ 2.5 ಮಿ.ಮೀ. ಅಕ್ಷರ ಬರೆದು ದೂರ ನಿಂತು ನೋಡಿದರೆ ಕಾಣುತ್ತದಾ? ಇಲ್ಲ ಅಲ್ವಾ? ಕಂಪ್ಯೂಟರ್ ನಿಮಗೆ ನಿಜವನ್ನೇ ತೋರಿಸುತ್ತಿದೆ.

ನನಗೆ ಇಡೀ ವಿಷಯದಲ್ಲಿ ಬಹಳ ಇಷ್ಟವಾಗುವುದು ಈ ತಿರುವು. ಬೋರ್ಡ್ ಮೇಲೆ ಕಟ್ಟಡ ಕಾಗದದ ಗಾತ್ರಕ್ಕೆ ಇಳಿಯುತ್ತಿತ್ತು. ಈಗ ಅಕ್ಷರ, ಬಾಣ, ಅಂತರ ಎಲ್ಲವೂ ಕಟ್ಟಡದ ಗಾತ್ರಕ್ಕೆ ಏರಬೇಕು. 1:50,000ದ ಭೂಪಟದಲ್ಲಿ 2 ಮಿ.ಮೀ. ಎತ್ತರಕ್ಕೆ ಊರಿನ ಹೆಸರು ಬರೆದಿರುತ್ತಾರೆ. ಅದೇ ಹೆಸರನ್ನು ನೆಲದ ಮೇಲೆ ಬರೆದು, ಭೂಪಟ ಮಾಡುವಾಗ ಅದೂ ಕುಗ್ಗಿ 2 ಮಿ.ಮೀ. ಆಗಬೇಕಾದರೆ, ಒಂದೊಂದು ಅಕ್ಷರ ನೂರು ಮೀಟರ್ ಎತ್ತರ ಇರಬೇಕು. ಕ್ಯಾಡ್‌ನಲ್ಲಿ ನಾವು ಮಾಡುವುದು ಇದನ್ನೇ. 1:100ರ ಪ್ಲಾನ್‌ನಲ್ಲಿ ಕಾಗದದ ಮೇಲೆ 2.5 ಬೇಕಾದರೆ ಮಾಡೆಲ್‌ನಲ್ಲಿ, ಅಂದರೆ ನಿಜ ಗಾತ್ರದಲ್ಲಿ ಬರೆಯುವ ಜಾಗದಲ್ಲಿ, 250 ಮಿ.ಮೀ. ಅಕ್ಷರ ಬರೆಯಬೇಕು.

ಹಾಗಂತ ಸುಮ್ನೆ ಟೆಕ್ಸ್ಟ್ ಎತ್ತರದಲ್ಲಿ 250 ತುಂಬಿದರೆ ಆಗುವುದಿಲ್ಲ. ಐಎಸ್‌ಒ-25ರಲ್ಲಿ ಬಾಣದ ಉದ್ದವೂ 2.5. ಎಳೆಗೆರೆ, ಅಂದರೆ ವಸ್ತುವಿನ ಅಂಚಿನಿಂದ ಅಳತೆಯ ಗೆರೆಯವರೆಗೆ ಬರುವ ಗೆರೆ, ಬಾಣದ ಆಚೆ ಚಾಚುವುದು 1.25. ವಸ್ತುವಿಗೂ ಎಳೆಗೆರೆಗೂ ಬಿಡುವ ಸಂದು 0.625, ಅಂಕಿಗೂ ಗೆರೆಗೂ ನಡುವಿನ ಜಾಗವೂ ಅಷ್ಟೇ. ಅಕ್ಷರವನ್ನಷ್ಟೇ ನೂರು ಪಟ್ಟು ಮಾಡಿದರೆ ಬಾಣಗಳು ಕಾಣೆಯಾಗುತ್ತವೆ, ಅಂಕಿ ಗೆರೆಗೆ ಅಂಟಿಕೊಳ್ಳುತ್ತದೆ. ಇವೆಲ್ಲಕ್ಕೂ ಸೇರಿ ಒಂದೇ ಗುಣಕ ಇದೆ: ಓವರಾಲ್ ಸ್ಕೇಲ್, ಅಂದರೆ ಡಿಮ್‌ಸ್ಕೇಲ್. ಅಲ್ಲಿ 100 ಕೊಡಿ. ಉಳಿದ ಅಂಕಿಗಳು ಕಾಗದದ ಮಿಲಿಮೀಟರ್‌ನಲ್ಲೇ ಇರಲಿ. ಮುಟ್ಟಲೇಬೇಡಿ.

ತೊಂದರೆ ಬರುವುದು ಒಂದೇ ಹಾಳೆಯಲ್ಲಿ ಎರಡು ಸ್ಕೇಲ್ ಇದ್ದಾಗ. ಪ್ಲಾನ್ 1:100, ಮೆಟ್ಟಿಲಿನ ವಿವರ 1:20. ಆ 250ರ ಅಕ್ಷರ 1:20ರ ವ್ಯೂಪೋರ್ಟ್‌ನಲ್ಲಿ (ಹಾಳೆಯಲ್ಲಿ ಮಾಡೆಲ್ ತೋರಿಸುವ ಕಿಟಕಿ) 12.5 ಮಿ.ಮೀ. ಆಗಿ, ಮೆಟ್ಟಿಲಿಗಿಂತ ಅಂಕಿಯೇ ಎದ್ದು ಕಾಣುತ್ತದೆ. ಹಿಂದೆಲ್ಲ ಪ್ರತಿ ಸ್ಕೇಲ್‌ಗೂ ಬೇರೆ ಸ್ಟೈಲ್, ಬೇರೆ ಲೇಯರ್ ಇಟ್ಟುಕೊಂಡು ಒದ್ದಾಡಬೇಕಿತ್ತು. ಆಟೋಕ್ಯಾಡ್ 2008ರಲ್ಲಿ ಅನೊಟೇಟಿವ್ ಸೌಲಭ್ಯ ಬಂತು. ಸ್ಟೈಲ್‌ನಲ್ಲಿ ಆ ಒಂದು ಟಿಕ್ ಹಾಕಿದರೆ, ಒಂದೇ ಅಳತೆ ತನ್ನೊಳಗೆ ಹಲವು ಸ್ಕೇಲ್‌ಗಳನ್ನು ಇಟ್ಟುಕೊಳ್ಳುತ್ತದೆ. 1:100ರ ಕಿಟಕಿಯಲ್ಲಿ 250, 1:20ರ ಕಿಟಕಿಯಲ್ಲಿ 50. ಕಾಗದದ ಮೇಲೆ ಎರಡೂ 2.5. ಇಷ್ಟು ಜಾಣ ಸೌಲಭ್ಯವನ್ನು ಬಳಸದೆ ಬಿಡುವವರೇ ಜಾಸ್ತಿ.

ಈ 2.5 ಎಲ್ಲಿಂದ ಬಂತು? ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಸಹಿಸಿಕೊಳ್ಳಿ. ತಾಂತ್ರಿಕ ನಕ್ಷೆಗಳಿಗೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ ಹೇಳುವ ಅಕ್ಷರದ ಎತ್ತರಗಳು 1.8, 2.5, 3.5, 5, 7, 10, 14, 20. ಒಂದರಿಂದ ಮುಂದಿನದಕ್ಕೆ ಸುಮಾರು 1.4 ಪಟ್ಟು, ಅಂದರೆ ಎರಡರ ವರ್ಗಮೂಲ. ಎ4 ಹಾಳೆಯ ಉದ್ದವನ್ನು ಅಗಲದಿಂದ ಭಾಗಿಸಿ, ಅದೇ ಸಂಖ್ಯೆ. ಹಾಳೆಯನ್ನು ಅರ್ಧಕ್ಕೆ ಮಡಚಿದರೂ ಆಕಾರ ಬದಲಾಗದಿರುವುದು ಈ ಒಂದೇ ಅನುಪಾತದಲ್ಲಿ. ಜರ್ಮನಿಯ ವಿಜ್ಞಾನಿ ಲಿಚ್ಟೆನ್‌ಬರ್ಗ್ 1786ರಲ್ಲೇ ಪತ್ರವೊಂದರಲ್ಲಿ ಇದನ್ನು ಬರೆದಿದ್ದರು. ಅಲ್ಲಿ ಅದು ಕಾಗದದ ಅಧಿಕೃತ ಮಾನಕ ಆದದ್ದು 1922ರಲ್ಲಿ. ಈಗ ಎ1 ನಕ್ಷೆಯನ್ನು ಎ2ಗೆ ಇಳಿಸಿ. 5ರ ಅಕ್ಷರ 3.5 ಆಗುತ್ತದೆ, 3.5 ಇದ್ದದ್ದು 2.5. ಇಂಕ್ ಪೆನ್ನುಗಳ ದಪ್ಪವೂ 0.25, 0.35, 0.5, 0.7 ಎಂದು ಇದೇ ಮೆಟ್ಟಿಲಲ್ಲಿ ಇದ್ದವು. ಹಾಗಾಗಿ ಇಳಿಸಿದ ಪ್ರತಿಯ ಮೇಲೆ ಮುಂದಿನ ಸಣ್ಣ ಪೆನ್ನಿನಲ್ಲಿ ಹೊಸ ಅಂಕಿ ಸೇರಿಸಿದರೆ ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಹಾಳೆ, ಅಕ್ಷರ, ಪೆನ್ನು ಮೂರೂ ಒಂದೇ ತಾಳಕ್ಕೆ ಕುಣಿಯುವ ಹಾಗೆ ಯಾರೋ ಕೂತು ಯೋಚಿಸಿದ್ದಾರೆ!

ಪ್ರಿಂಟ್ ಕೊಡುವಾಗ 'ಫಿಟ್ ಟು ಪೇಪರ್' ಒತ್ತಿದರೆ ಈ ತಾಳ ತಪ್ಪುತ್ತದೆ. ಎ1ಗೆ ಮಾಡಿದ್ದನ್ನು ಎ3ರಲ್ಲಿ ತೆಗೆದರೆ ಉದ್ದ ಅರ್ಧವಾಗಿ 2.5ರ ಅಂಕಿ 1.25ಕ್ಕೆ ಇಳಿಯುತ್ತದೆ. ಐಎಸ್‌ಒ ಸರಣಿಯ ಅತಿ ಸಣ್ಣ ಅಕ್ಷರಕ್ಕಿಂತಲೂ ಸಣ್ಣದು. ಮೂಲೆಯಲ್ಲಿ ಬರೆದ 1:100 ಕೂಡ ಈಗ ಸುಳ್ಳು, ಅದು 1:200. ಎ3ರಲ್ಲೂ ಓಡಾಡುವ ನಕ್ಷೆ ಅಂತ ಮೊದಲೇ ಗೊತ್ತಿದ್ದರೆ 3.5 ಇಡಿ. ಜೊತೆಗೆ ಒಂದು ಸ್ಕೇಲ್ ಪಟ್ಟಿಯನ್ನೂ ಬಿಡಿಸಿ. ನಕ್ಷೆ ಕುಗ್ಗಿದರೆ ಅದೂ ಜೊತೆಗೇ ಕುಗ್ಗುತ್ತದೆ.

ಇದಕ್ಕಿಂತ ಕೆಟ್ಟ ಸುಳ್ಳು ಹುಟ್ಟುವುದು ಹೆಸರಲ್ಲಿ ಡಿಮ್‌ಸ್ಕೇಲ್‌ನಂತೆಯೇ ಕೇಳಿಸುವ ಇನ್ನೊಂದು ಗುಣಕದಿಂದ. ಡಿಮ್‌ಎಲ್‌ಫ್ಯಾಕ್. ಡಿಮ್‌ಸ್ಕೇಲ್ ಅಕ್ಷರದ ಗಾತ್ರ ಬದಲಿಸುತ್ತದೆ, ಇದು ಅಂಕಿಯನ್ನೇ ಬದಲಿಸುತ್ತದೆ. ಯಾರೋ ವಿವರ ದೊಡ್ಡದಾಗಿ ಕಾಣಲಿ ಅಂತ ಗೋಡೆಯನ್ನೇ ಎರಡು ಪಟ್ಟು ಹಿಗ್ಗಿಸಿ, ಇಲ್ಲಿ 0.5 ಕೊಟ್ಟಿರುತ್ತಾರೆ. 200 ಮಿ.ಮೀ. ದಪ್ಪದ ಗೋಡೆ 400 ಆಗಿ, ಅಂಕಿ ಮಾತ್ರ 200 ಎನ್ನುತ್ತದೆ. ಅಲ್ಲಿಗೆ ಎರಡು ತಪ್ಪು ಸೇರಿ ಸರಿಯಾಯಿತು. ಆಮೇಲೆ ಅದೇ ಸ್ಟೈಲ್‌ನಲ್ಲಿ ಮುಖ್ಯ ಪ್ಲಾನ್‌ಗೆ ಅಳತೆ ಕೊಟ್ಟರೆ 200ರ ಗೋಡೆ 100 ಎಂದು ತೋರಿಸುತ್ತದೆ. 100ರ ಗೋಡೆಯೂ ಕಟ್ಟುವಂಥದ್ದೇ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಬೇರೆಯವರ ಫೈಲ್ ತೆರೆದಾಗ ಮೊದಲು ದೂರ ಅಳೆಯುವ ಡಿಸ್ಟ್ ಕಮಾಂಡ್‌ನಿಂದ ಯಾವುದಾದರೂ ಒಂದು ಬಾಗಿಲು ಅಳೆದು ನೋಡಿ. ಅದು ಕೊಡುವ ಅಂಕಿಗೂ ನಕ್ಷೆಯಲ್ಲಿ ಬರೆದ ಅಂಕಿಗೂ ತಾಳೆ ಬೀಳದಿದ್ದರೆ ಸ್ಟೈಲ್ ಮ್ಯಾನೇಜರ್‌ನ ಪ್ರೈಮರಿ ಯೂನಿಟ್ಸ್ ಟ್ಯಾಬ್ ತೆರೆಯಿರಿ. ಅಲ್ಲಿ ಸ್ಕೇಲ್ ಫ್ಯಾಕ್ಟರ್ ಎಂಬ ಸಣ್ಣ ಖಾನೆಯಲ್ಲಿ 1 ಬಿಟ್ಟು ಬೇರೇನಿದ್ದರೂ ಬಾಗಿಲಿನ ಜೊತೆ ಉಳಿದ ಅಳತೆಗಳನ್ನೂ ಒಂದೊಂದಾಗಿ ನೋಡಬೇಕಾಗುತ್ತದೆ.