ಕಾರಿಗಷ್ಟೇ ಸುರಂಗ: ಎತ್ತರ ಇಳಿಸಿದರೆ ಏನೇನು ಉಳಿಯುತ್ತದೆ?

ಹಾಸನದ ನಮಗೆ ಸುರಂಗ ಅಂದರೆ ಸಕಲೇಶಪುರ–ಸುಬ್ರಹ್ಮಣ್ಯ ರೈಲು ದಾರಿಯೇ ನೆನಪು. ಆ ಘಾಟಿಯಲ್ಲಿ 57 ಸುರಂಗಗಳಿವೆ. ಆದರೆ ಈ ಟಿಪ್ಪಣಿ ಊರೊಳಗಿನ, ಕಾರು ಜೀಪುಗಳಿಗೆ ಮಾತ್ರ ಬಿಡುವ ಸಣ್ಣ ಸುರಂಗಗಳದ್ದು.

ಎಲ್ಲಾ ಶುರುವಾಗುವುದು ಎತ್ತರದಿಂದ. ಲಾರಿ ಹೋಗಬೇಕಾದರೆ ನಮ್ಮಲ್ಲಿ 5.5 ಮೀಟರ್ ಬಿಡಬೇಕು. ಕಾರಿಗೆ ಅದರ ಅರ್ಧವೂ ಬೇಡ. ಪ್ಯಾರಿಸ್ ಪಕ್ಕದ ಎ86 ಡ್ಯುಪ್ಲೆಕ್ಸ್ ಸುರಂಗವನ್ನೇ ನೋಡಿ. ಉದ್ದ ಸುಮಾರು 10 ಕಿ.ಮೀ., ಪೂರ್ತಿ ತೆರೆದಿದ್ದು 2011ರಲ್ಲಿ. ಒಳಗಿನ ಎತ್ತರ ಬರೀ 2.55 ಮೀಟರ್. 2 ಮೀಟರ್ ದಾಟಿದ ಗಾಡಿಗೆ ಪ್ರವೇಶವಿಲ್ಲ. ಹಾಗಾಗಿ ಒಂದೇ ಕೊಳವೆಯಲ್ಲಿ ಮಹಡಿ ಮನೆಯ ಹಾಗೆ ಎರಡು ರಸ್ತೆ ಹಿಡಿಸಿದವು. ಹೋಗುವವರು ಒಂದರಲ್ಲಿ, ಬರುವವರು ಇನ್ನೊಂದರಲ್ಲಿ.

ಈಗ ಮಣ್ಣಿನ ಲೆಕ್ಕ. ನಾನು ಎಡವಿದ್ದು ಇಲ್ಲೇ. ವ್ಯಾಸ ಅರ್ಧ ಆದರೆ ಮಣ್ಣೂ ಅರ್ಧ ಅಂದುಕೊಂಡಿದ್ದೆ. ಅಲ್ಲ, ಕಾಲು ಭಾಗ! 12 ಮೀಟರ್ ವ್ಯಾಸದ ಸುರಂಗ ಒಂದು ಮೀಟರ್ ಮುಂದೆ ಹೋದರೆ 113 ಘನ ಮೀಟರ್ ತೆಗೆಯಬೇಕು. 6 ಮೀಟರಿನದಕ್ಕೆ 28 ಸಾಕು. ಬಿ.ಎಂ. ರಸ್ತೆಯಲ್ಲಿ ಟಿಪ್ಪರ್ ಹಿಂದೆ ಸಿಕ್ಕಿಕೊಂಡವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ.

ಕಾರು ಜಾಸ್ತಿ ಏರನ್ನೂ ಹತ್ತುತ್ತದೆ. 12 ಮೀಟರ್ ಆಳಕ್ಕೆ ಇಳಿಯಲು ನೂರಕ್ಕೆ 4ರ ಇಳಿಜಾರಿನಲ್ಲಿ 300 ಮೀಟರ್ ದಾರಿ ಬೇಕು, 8ರಲ್ಲಿ 150. ಊರೊಳಗೆ ಆ ಜಾಗಕ್ಕೂ ಬೆಲೆಯಿದೆ, ಅಲ್ವಾ?

ಬೆಂಕಿಯ ವಿಷಯ ಇನ್ನೂ ಗಂಭೀರ. ಕಾರು ಹೊತ್ತಿದರೆ ಸುಮಾರು 5 ಮೆಗಾವ್ಯಾಟ್ ಶಾಖ ಹುಟ್ಟುತ್ತದೆ. ತುಂಬಿದ ಲಾರಿಯಾದರೆ 100 ದಾಟಲೂಬಹುದು. 1999ರಲ್ಲಿ ಫ್ರಾನ್ಸ್–ಇಟಲಿ ನಡುವಿನ ಮಾಂಟ್ ಬ್ಲಾಂಕ್ ಸುರಂಗದಲ್ಲಿ 39 ಜನ ಸತ್ತರು. ಬೆಂಕಿ ಹತ್ತಿದ್ದು ಹಿಟ್ಟು, ಮಾರ್ಗರಿನ್ (ಬೆಣ್ಣೆಯಂಥ ಕೊಬ್ಬು) ಹೊತ್ತ ಲಾರಿಗೆ. ಪೆಟ್ರೋಲ್ ಟ್ಯಾಂಕರಿಗಲ್ಲ, ತಿನ್ನುವ ಸಾಮಾನಿನ ಲಾರಿಗೆ! ಲಾರಿಯನ್ನೇ ಹೊರಗಿಟ್ಟರೆ ಹೊಗೆ ಎಳೆಯುವ ಫ್ಯಾನುಗಳ ಮೇಲಿನ ಹೊರೆ ಎಷ್ಟೋ ಇಳಿಯುತ್ತದೆ. ಹಾಗಂತ ಪಾರಾಗುವ ಬಾಗಿಲು, ಮೆಟ್ಟಿಲು ಬಿಡುವಂತಿಲ್ಲ.

ನನಗೆ ಅನುಮಾನ ಇರುವುದು ಬೇರೆ ಕಡೆ. ಎ86 ಆಗಲಿ, 2007ರಲ್ಲಿ ತೆರೆದ ಕ್ವಾಲಾಲಂಪುರದ ಸ್ಮಾರ್ಟ್ ಸುರಂಗವಾಗಲಿ, ಲಾರಿಯ ಜೊತೆ ಬೈಕನ್ನೂ ಬಿಡುವುದಿಲ್ಲ. ಎತ್ತರದ ಬಸ್ಸಂತೂ ಹಿಡಿಸುವುದೇ ಇಲ್ಲ. ಹಾಸನಾಂಬ ದರ್ಶನದ ದಿನಗಳಲ್ಲಿ ಒಂದು ಸಂಜೆ ಎನ್.ಆರ್. ಸರ್ಕಲ್‌ನಲ್ಲಿ ಹತ್ತು ನಿಮಿಷ ನಿಂತು, ಬಸ್ಸು, ಬೈಕು, ಆಟೋ, ಕಾರು ಅಂತ ನಾಲ್ಕು ಗೆರೆ ಎಳೆದು ಎಣಿಸಿ. ಗಾಡಿಗಳನ್ನಲ್ಲ, ಒಳಗಿರುವ ತಲೆಗಳನ್ನು.