ನಮ್ಮ ಊರಿಗೆ ಡಿಶ್ ಸಿಗ್ನಲ್ ನಿಜವಾಗಿಯೂ ಕಡಿಮೆಯೇ?

ಓದುಗರ ಪ್ರಶ್ನೆ: ನಮ್ಮದು ಕಾರವಾರ ತಾಲೂಕಿನ ಕರಾವಳಿಯ ಒಂದು ಹಳ್ಳಿ. ಮನೆಯ ಹಿಂದೆ ಗುಡ್ಡ, ಸುತ್ತಲೂ ತೆಂಗಿನ ಮರಗಳು. ಬೇಸಿಗೆಯಲ್ಲಿ ಟಿವಿ ಹೇಗೋ ನಡೆಯುತ್ತದೆ. ಜೂನ್ ಬಂತೆಂದರೆ ಚಿತ್ರ ಒಡೆಯುತ್ತದೆ, ಕೆಲವು ಚಾನೆಲ್‌ಗಳು ಬರುವುದೇ ಇಲ್ಲ. ಡಿಶ್ ಕೂರಿಸಲು ಬಂದವರು ‘ಇದು ವೀಕ್ ಸಿಗ್ನಲ್ ಏರಿಯಾ, ಬೂಸ್ಟರ್ ಹಾಕಿಸಿ’ ಎಂದರು. ಬೂಸ್ಟರ್ ಹಾಕಿದರೆ ಸರಿಹೋಗುತ್ತದೆಯೇ, ಅಥವಾ ಡಿಶ್ಶನ್ನೇ ಬದಲಿಸಬೇಕೇ?

ಉತ್ತರ: ಬೂಸ್ಟರ್‌ಗೆ ಈಗಲೇ ಹಣ ಕೊಡಬೇಡಿ. ಉಪಗ್ರಹ ಟಿವಿಯ ಮಟ್ಟಿಗೆ ಉತ್ತರ ಕನ್ನಡದಲ್ಲಿ ‘ವೀಕ್ ಸಿಗ್ನಲ್ ಏರಿಯಾ’ ಎಂಬುದು ಇಲ್ಲವೆಂದೇ ಹೇಳಬಹುದು. ಮೊಬೈಲ್ ಟವರಿಗೂ ಹಿಂದಿನ ಕಾಲದ ದೂರದರ್ಶನದ ಮರುಪ್ರಸಾರ ಕೇಂದ್ರಗಳಿಗೂ ಗುಡ್ಡ ಅಡ್ಡ ಬರುತ್ತಿದ್ದುದು ನಿಜ, ಏಕೆಂದರೆ ಅಲ್ಲಿ ತರಂಗಗಳು ನೆಲಕ್ಕೆ ಸಮಾನಾಂತರವಾಗಿ ಬರುತ್ತವೆ. ಉದ್ದನೆಯ ಬಿದಿರಿನ ತುದಿಗೆ ಆಂಟೆನಾ ಕಟ್ಟಿ ಎತ್ತರಿಸಿದಷ್ಟೂ ಚಿತ್ರ ಸುಧಾರಿಸುತ್ತಿದ್ದ ಅನುಭವ ಆ ಕಾಲದವರಿಗೆಲ್ಲ ಇದೆ. ಆದರೆ ಉಪಗ್ರಹ ಇರುವುದು ಸಮಭಾಜಕ ವೃತ್ತದ ಮೇಲೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿಂದ ಇಡೀ ದೇಶದ ಮೇಲೆ ಚೆಲ್ಲುವ ಸಿಗ್ನಲ್ ಶಿರಸಿಯ ಪೇಟೆಗೂ ಅದರ ಪಕ್ಕದ ಕಣಿವೆಯ ತೋಟದ ಮನೆಗೂ ಒಂದೇ ಪ್ರಮಾಣದಲ್ಲಿ ಬೀಳುತ್ತದೆ. ಪಕ್ಕದ ಮನೆಯಲ್ಲಿ ಅದೇ ಕಂಪನಿಯ ಡಿಶ್ ಚೆನ್ನಾಗಿ ನಡೆಯುತ್ತಿದ್ದರೆ ಊರಿನ ಮೇಲೆ ದೂರು ಹೇಳಿ ಪ್ರಯೋಜನವಿಲ್ಲ. ದೋಷ ನಿಮ್ಮ ಅಂಗಳದಲ್ಲೇ ಇದೆ, ಹಾಗಾಗಿ ಅದನ್ನು ಹುಡುಕಿ ಸರಿಪಡಿಸಲೂಬಹುದು.

ಮೊದಲು ಗುಡ್ಡದ ವಿಷಯ. ಡಿಡಿ ಫ್ರೀ ಡಿಶ್ ಮತ್ತು ಸನ್ ಡೈರೆಕ್ಟ್ ಬಳಸುವ ಜಿಸ್ಯಾಟ್-15 ಉಪಗ್ರಹ 2015ರ ನವೆಂಬರಿನಲ್ಲಿ ಉಡಾವಣೆಯಾದದ್ದು. ಅದರ ಸ್ಥಾನ 93.5 ಡಿಗ್ರಿ ಪೂರ್ವ ರೇಖಾಂಶ. ಕಾರವಾರದಿಂದ ನೋಡಿದರೆ ಅದು ಆಗ್ನೇಯ ದಿಕ್ಕಿಗೆ, ಅಂದರೆ ಉತ್ತರದಿಂದ ಬಲಕ್ಕೆ ಎಣಿಸಿದಾಗ ಸುಮಾರು 126 ಡಿಗ್ರಿಗೆ, ದಿಗಂತದಿಂದ ಸುಮಾರು 62 ಡಿಗ್ರಿ ಮೇಲೆ ಇದೆ. ಟಾಟಾ ಪ್ಲೇ ಉಪಗ್ರಹಗಳಿರುವ 83 ಡಿಗ್ರಿ ಇನ್ನೂ ಎತ್ತರ, ಸುಮಾರು 70 ಡಿಗ್ರಿ ಮೇಲೆ, ಹೆಚ್ಚು ದಕ್ಷಿಣಕ್ಕೆ ಸರಿದಿದೆ. ಏರ್‌ಟೆಲ್‌ನ 108.2 ಡಿಗ್ರಿ ಮಾತ್ರ ಪೂರ್ವಕ್ಕೆ ವಾಲಿ, 47 ಡಿಗ್ರಿಯಷ್ಟೇ ಎತ್ತರದಲ್ಲಿ ಸಿಗುತ್ತದೆ. ಶಿರಸಿ, ಕುಮಟಾ, ಹೊನ್ನಾವರಗಳಲ್ಲಿ ಈ ಅಂಕಿಗಳು ಒಂದೆರಡು ಡಿಗ್ರಿ ಆಚೀಚೆ ಆಗಬಹುದು, ಅಷ್ಟೇ. ಮನೆಯ ಬೆನ್ನಿಗೇ ಕಡಿದ ಧರೆ ಇದ್ದರೆ ಬೇರೆ ಮಾತು. ಇಲ್ಲದಿದ್ದರೆ 62 ಡಿಗ್ರಿಯನ್ನು ಮುಚ್ಚುವಂಥ ಗುಡ್ಡ ನಮ್ಮ ಜಿಲ್ಲೆಯ ಯಾವ ಮನೆಯ ಹಿಂದೆಯೂ ಇರುವುದು ಅಪರೂಪ.

ಮರಗಳ ವಿಷಯ ಹಾಗಲ್ಲ. 62 ಡಿಗ್ರಿಯ ಲೆಕ್ಕದಲ್ಲಿ, ಡಿಶ್ಶಿನಿಂದ 10 ಮೀಟರ್ ದೂರದ ಮರ ಅಡ್ಡ ಬರಬೇಕಾದರೆ ಅದು ಡಿಶ್ಶಿಗಿಂತ ಹೆಚ್ಚುಕಡಿಮೆ 19 ಮೀಟರ್ ಎತ್ತರವಿರಬೇಕು. 5 ಮೀಟರ್ ದೂರದಲ್ಲಾದರೆ ಒಂಬತ್ತೂವರೆ ಮೀಟರ್ ಸಾಕು. 47 ಡಿಗ್ರಿಯ ಉಪಗ್ರಹಕ್ಕೆ 10 ಮೀಟರ್ ದೂರದ 11 ಮೀಟರಿನ ಮರವೇ ಅಡ್ಡ. ಹಳೆಯ ತೆಂಗಿನ ಮರವಾಗಲಿ ಅಡಿಕೆಯಾಗಲಿ ಈ ಎತ್ತರವನ್ನು ಸಲೀಸಾಗಿ ಮುಟ್ಟುತ್ತವೆ. ಕಾಂಡ ತೆಳ್ಳಗಿರುವುದರಿಂದ ಅದರಿಂದ ಅಷ್ಟು ನಷ್ಟವಿಲ್ಲ, ತೊಂದರೆ ಕೊಡುವುದು ಗರಿಗಳು. ಒಣಗಿದ್ದಾಗ ಸ್ವಲ್ಪ ಸಿಗ್ನಲ್ ಬಿಟ್ಟುಕೊಡುವ ಗರಿ ನೆನೆದಾಗ ಅದನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ, ಗಾಳಿಗೆ ತೂಗಾಡಿದಾಗ ಚಿತ್ರವೂ ಬಂದು ಹೋಗಿ ಮಾಡುತ್ತದೆ. ಮಳೆ ನಿಂತ ಮೇಲೂ ಅರ್ಧ ಗಂಟೆ ಟಿವಿ ಸರಿಯಾಗದಿದ್ದರೆ ಮೊದಲ ಅನುಮಾನ ಗರಿಯ ಮೇಲೆಯೇ ಇರಲಿ.

ಯಾವ ಗರಿ ಅಡ್ಡ ಬರುತ್ತಿದೆ ಎಂದು ಕಣ್ಣಂದಾಜಿನಲ್ಲಿ ಹೇಳುವುದು ಕಷ್ಟ, ಏಕೆಂದರೆ ಮನೆಗಳಲ್ಲಿರುವ ಡಿಶ್ಶುಗಳು ತಾವು ಮುಖ ಮಾಡಿದಂತೆ ಕಾಣುವ ಕಡೆಗಿಂತ 20ರಿಂದ 25 ಡಿಗ್ರಿಯಷ್ಟು ಮೇಲಕ್ಕೆ ನೋಡುತ್ತಿರುತ್ತವೆ. ಇದು ತಿಳಿಯದೆ ಎದುರಿಗೆ ಕಂಡ ಹಲಸಿನ ಕೊಂಬೆಯನ್ನು ಕಡಿಸಿ, ನಿಜವಾಗಿ ಅಡ್ಡವಿದ್ದ ತೆಂಗನ್ನು ಹಾಗೆಯೇ ಬಿಟ್ಟವರನ್ನು ಕಂಡಿದ್ದೇನೆ. ಇದಕ್ಕೆ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ವರ್ಷಕ್ಕೆ ಎರಡು ಸಲ ಸೂರ್ಯ ಉಪಗ್ರಹದ ನೇರ ಹಿಂದೆ ಬಂದು ಹೋಗುತ್ತಾನೆ. ಕಾರವಾರದಲ್ಲಿ 93.5 ಡಿಗ್ರಿಯ ಉಪಗ್ರಹಕ್ಕೆ ಇದು ಮಾರ್ಚ್ 14ರ ಆಸುಪಾಸಿನಲ್ಲಿ ಬೆಳಿಗ್ಗೆ 11 ಗಂಟೆ 10 ನಿಮಿಷದ ಸುಮಾರಿಗೆ, ಮತ್ತೆ ಸೆಪ್ಟೆಂಬರ್ ಕೊನೆಯಲ್ಲಿ 11 ಗಂಟೆಗೆ ಐದು ನಿಮಿಷ ಇರುವಾಗ ಆಗುತ್ತದೆ. 83 ಡಿಗ್ರಿಯ ಉಪಗ್ರಹಕ್ಕೆ ಮಾರ್ಚಿನಲ್ಲಿ ಸರಿಸುಮಾರು 12 ಗಂಟೆಗೆ, 108.2ಕ್ಕೆ 10 ಗಂಟೆ ದಾಟಿದ ಕೂಡಲೇ. ಆ ಹೊತ್ತಿಗೆ ಡಿಶ್ಶಿನ ಮೇಲೆ ಪೂರ್ತಿ ಬಿಸಿಲು ಬಿದ್ದಿದ್ದರೆ ದಾರಿ ತೆರೆದಿದೆ ಎಂದರ್ಥ. ಗರಿಯ ನೆರಳು ಬಿದ್ದಿದ್ದರೆ ಆ ಗರಿಯೇ ಅಡ್ಡ. ಅದೇ ದಿನಗಳಲ್ಲಿ ಕೆಲವು ನಿಮಿಷ ಸೂರ್ಯನ ಸದ್ದಿನಿಂದಾಗಿ, ಅಂದರೆ ಸೂರ್ಯನೇ ಹೊಮ್ಮಿಸುವ ರೇಡಿಯೋ ತರಂಗಗಳಲ್ಲಿ ಸಿಗ್ನಲ್ ಮುಳುಗಿ, ಚಿತ್ರ ಮಾಯವಾಗುವುದೂ ಉಂಟು. ಅದು ತಾನಾಗಿ ಸರಿಹೋಗುತ್ತದೆ, ಡಿಶ್ ಮುಟ್ಟಬಾರದು. ಅಡ್ಡವಿದೆ ಎಂದು ಗೊತ್ತಾದರೆ ಮರ ಕಡಿಸುವುದಕ್ಕಿಂತ ಡಿಶ್ಶನ್ನು ನಾಲ್ಕು ಮಾರು ಸರಿಸುವುದು ಸುಲಭ. ಅದು ಮಾಡಿನ ತುದಿಯಲ್ಲೇ ಇರಬೇಕೆಂಬ ನಿಯಮವೇನೂ ಇಲ್ಲ. ಆಗ್ನೇಯದ ಆಕಾಶ ತೆರೆದಿದ್ದರೆ ಅಂಗಳದ ಮೂಲೆಯಲ್ಲಿ, ದನ ತಾಗದಂತೆ ಒಂದು ಕಂಬ ನೆಟ್ಟರೂ ಸಿಗ್ನಲ್ ಅಷ್ಟೇ ಬರುತ್ತದೆ, ಮೇಲಾಗಿ ಗಾಳಿಯ ಹೊಡೆತ ಕಡಿಮೆ.

ದಾರಿ ತೆರೆದಿದ್ದರೂ ಮಳೆಗೇ ಏಕೆ ಹೋಗುತ್ತದೆ? ಮನೆಯ ಡಿಶ್ಶುಗಳಿಗೆ ಬರುವುದು ಕೆಯು ಬ್ಯಾಂಡ್ ಎಂಬ ಗುಂಪಿನ ರೇಡಿಯೋ ತರಂಗ. ಅದರ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು. ಕೆಲವು ಮಿಲಿಮೀಟರ್ ಗಾತ್ರದ ದಪ್ಪ ಮಳೆಹನಿಗಳು ಇದನ್ನು ಹೀರುತ್ತವೆ, ಚದುರಿಸುತ್ತವೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಬೀಳುವ ನಮ್ಮ ಕರಾವಳಿಯಲ್ಲಿ ಇದನ್ನು ಪೂರ್ತಿ ತಪ್ಪಿಸಲಾಗದು. ಆದರೆ ಉಪಗ್ರಹ ಇಷ್ಟು ಎತ್ತರದಲ್ಲಿರುವುದರಿಂದ ಸಿಗ್ನಲ್ ಮಳೆಯೊಳಗೆ ಸಾಗುವ ದೂರ ಐದಾರು ಕಿಲೋಮೀಟರ್ ಮಾತ್ರ. ಚೆನ್ನಾಗಿ ಕೂರಿಸಿದ ಡಿಶ್ ಕುಂಭದ್ರೋಣ ಮಳೆಯ ಹತ್ತು ಹದಿನೈದು ನಿಮಿಷ ಬಿಟ್ಟರೆ ಉಳಿದ ಹೊತ್ತಿಗೆ ನಡೆಯಲೇಬೇಕು. ಜಿಟಿಜಿಟಿ ಮಳೆಗೂ ಕೈಕೊಡುತ್ತಿದ್ದರೆ ಅದು ಬೇಸಿಗೆಯಿಂದಲೇ ಅಂಚಿನಲ್ಲಿ ನಡೆಯುತ್ತಿತ್ತು. ಡಿಜಿಟಲ್ ಸಿಗ್ನಲ್‌ನ ಗುಣವೇ ಹಾಗೆ: ಹಳೆಯ ಟಿವಿಯಂತೆ ಅದು ಮೆಲ್ಲಗೆ ಮಸುಕಾಗಿ ಎಚ್ಚರಿಸುವುದಿಲ್ಲ, ಒಂದು ಮಟ್ಟದ ತನಕ ಚಿತ್ರ ಸ್ಪಷ್ಟವಾಗಿರುತ್ತದೆ, ಅದರಿಂದ ತುಸು ಕೆಳಗಿಳಿದರೆ ಚೌಕಚೌಕವಾಗಿ ಒಡೆದು ನಿಂತುಬಿಡುತ್ತದೆ. ಹಾಗಾಗಿ ಏಪ್ರಿಲಿನಲ್ಲಿ ಚಿತ್ರ ಚೆನ್ನಾಗಿತ್ತೆಂಬುದು ಡಿಶ್ ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಸಾಕ್ಷಿ ಇರುವುದು ಸೆಟ್‌ಟಾಪ್ ಬಾಕ್ಸಿನ ಮೆನುವಿನಲ್ಲಿ. ಅಲ್ಲಿ ಸ್ಟ್ರೆಂತ್, ಕ್ವಾಲಿಟಿ ಎಂಬ ಎರಡು ಪಟ್ಟಿಗಳಿರುತ್ತವೆ. ಸ್ಟ್ರೆಂತ್ ಎಂಬುದು ಕೇಬಲ್ಲಿನಲ್ಲಿ ಬರುತ್ತಿರುವ ಎಲ್ಲದರ ಮೊತ್ತ, ಅದರಲ್ಲಿ ಬರೀ ಸದ್ದೂ, ಅಂದರೆ ಚಾನೆಲ್‌ಗೆ ಸಂಬಂಧವಿಲ್ಲದ ಬೇಡದ ತರಂಗಗಳೂ ಸೇರಿರುತ್ತವೆ. ಡಿಶ್ಶನ್ನು ಬೇರೆ ಉಪಗ್ರಹದ ಕಡೆ ತಿರುಗಿಸಿದರೂ ಅದು ಎತ್ತರಕ್ಕೇ ನಿಂತಿರಬಹುದು. ನೋಡಬೇಕಾದ್ದು ಕ್ವಾಲಿಟಿ. ಮೋಡವಿಲ್ಲದ ದಿನ ಅದನ್ನು ಬರೆದಿಟ್ಟುಕೊಳ್ಳಿ, ಮುಂದಿನ ಕೆಲಸಕ್ಕೆಲ್ಲ ಅದೇ ಅಳತೆ.

ದಿಕ್ಕು ತಿದ್ದುವುದಕ್ಕೆ ಮುನ್ನ ಕಂಬ ನೆಟ್ಟಗಿದೆಯೇ ಎಂದು ತೂಗುಗುಂಡು ಹಿಡಿದು ನೋಡಬೇಕು. ಕಂಬ ವಾಲಿದ್ದರೆ ಡಿಶ್ಶಿನ ಹಿಂದೆ ಕೊರೆದ ಡಿಗ್ರಿಯ ಗುರುತುಗಳಿಗೆ ಬೆಲೆಯಿಲ್ಲ. ಮೊಬೈಲಿನ ದಿಕ್ಸೂಚಿಯನ್ನು ಕಬ್ಬಿಣದ ಕಂಬಕ್ಕೂ ತಗಡಿನ ಮಾಡಿಗೂ ದೂರವಿಟ್ಟು ನೋಡಿ, ಇಲ್ಲದಿದ್ದರೆ ಅದು ದಾರಿ ತಪ್ಪಿಸುತ್ತದೆ. 60 ಸೆಂಟಿಮೀಟರಿನ ಡಿಶ್ಶಿನ ನೋಟದ ಅಗಲ ಸುಮಾರು 3 ಡಿಗ್ರಿ. ನಡುವಿನಿಂದ ಒಂದೂವರೆ ಡಿಗ್ರಿ ತಪ್ಪಿದರೆ ಸಿಗ್ನಲ್‌ನ ಅರ್ಧ ಹೋಯಿತು. ಫ್ರೀ ಡಿಶ್‌ನ 93.5ಕ್ಕೂ ಡಿಶ್ ಟಿವಿಯ 95ಕ್ಕೂ ಇರುವ ಅಂತರವೂ ಅಷ್ಟೇ ಎಂಬುದನ್ನು ನೆನಪಿಡಬೇಕು. ಹೆಚ್ಚಿನವರು ಚಿತ್ರ ಬಂದ ಕೂಡಲೇ ಬೋಲ್ಟ್ ಬಿಗಿದು ಇಳಿಯುತ್ತಾರೆ, ತಪ್ಪುವುದು ಇಲ್ಲಿಯೇ. ಒಬ್ಬರು ಟಿವಿಯ ಮುಂದೆ ಕ್ವಾಲಿಟಿ ಓದುತ್ತಿರಲಿ. ಇನ್ನೊಬ್ಬರು ಡಿಶ್ಶನ್ನು ಒಂದು ಕಡೆಗೆ ಕೂದಲೆಳೆಯಷ್ಟು ಸರಿಸಿ, ಅಂಕಿ ಬದಲಾಗಲು ಮೂರ್ನಾಲ್ಕು ಸೆಕೆಂಡು ಕಾದು, ಮತ್ತೆ ಸರಿಸುತ್ತ ಹೋಗಲಿ. ಕ್ವಾಲಿಟಿ ಬಿದ್ದುಹೋಗುವ ಜಾಗವನ್ನು ಕಂಬದ ಮೇಲೆ ಪೆನ್ಸಿಲ್ಲಿನಿಂದ ಗುರುತಿಸಿ, ಇನ್ನೊಂದು ಕಡೆಗೂ ಹಾಗೆಯೇ ಗುರುತಿಸಿ, ಎರಡರ ನಟ್ಟನಡುವೆ ನಿಲ್ಲಿಸಬೇಕು. ಎತ್ತರದ ಕೋನಕ್ಕೂ ಇದೇ ಕ್ರಮ. ಬೋಲ್ಟ್ ಬಿಗಿಯುವಾಗ ಡಿಶ್ ತುಸು ಜರುಗುತ್ತದೆ, ಆದ್ದರಿಂದ ಬಿಗಿದ ಮೇಲೆ ಇನ್ನೊಮ್ಮೆ ಅಂಕಿ ಓದಿಸಿ. ಮಾಡಿಗೆ ಹತ್ತುವ ಕೆಲಸವನ್ನು ಹಂಚು ಪಾಚಿಗಟ್ಟುವ ಮೊದಲೇ, ಬೇಸಿಗೆಯಲ್ಲೇ ಮುಗಿಸಿಕೊಳ್ಳಿ.

ಇನ್ನೊಂದು ತಿದ್ದುಪಡಿಯನ್ನು ಕೂರಿಸುವವರೂ ಮರೆಯುವುದುಂಟು. ಡಿಶ್ಶಿನ ತೋಳಿನ ತುದಿಯಲ್ಲಿದ್ದು, ಡಿಶ್ ಹಿಡಿದ ಸಿಗ್ನಲ್ಲನ್ನು ಕೇಬಲ್ಲಿಗೆ ಕಳಿಸುವ ಎಲ್‌ಎನ್‌ಬಿ ಎಂಬ ಭಾಗವನ್ನು ಅದರ ಹಿಡಿಕೆಯಲ್ಲಿ ತಿರುಗಿಸಲು ಬರುತ್ತದೆ. ನಾವು ಸಮಭಾಜಕಕ್ಕೆ ಹತ್ತಿರ, ಉಪಗ್ರಹವೋ ನಮ್ಮಿಂದ ಬಹಳ ಪೂರ್ವಕ್ಕೆ. ಹಾಗಾಗಿ ಅದರ ತರಂಗ ನಮ್ಮಲ್ಲಿಗೆ ಸಾಕಷ್ಟು ಓರೆಯಾಗಿಯೇ ಬರುತ್ತದೆ. ಎಲ್‌ಎನ್‌ಬಿಯನ್ನು ನೆಟ್ಟಗೆ ಕೂರಿಸಿದರೆ ಅಡ್ಡ ಮತ್ತು ನೇರ ಧ್ರುವೀಕರಣದ, ಅಂದರೆ ಅಡ್ಡಲಾಗಿ ಕಂಪಿಸುವ ಮತ್ತು ಮೇಲೆ ಕೆಳಗೆ ಕಂಪಿಸುವ ಸಿಗ್ನಲ್‌ಗಳು ಒಂದರೊಳಗೊಂದು ಬೆರೆಯುತ್ತವೆ. ಕ್ವಾಲಿಟಿ ನೋಡುತ್ತ ಎರಡೂ ಕಡೆ ತಿರುಗಿಸಿ ಗರಿಷ್ಠ ಸಿಕ್ಕಲ್ಲಿ ನಿಲ್ಲಿಸಿ.

ನಿಮ್ಮ ಪತ್ರದ ‘ಕೆಲವು ಚಾನೆಲ್‌ಗಳು ಬರುವುದೇ ಇಲ್ಲ’ ಎಂಬ ಮಾತು ನನ್ನನ್ನು ಕೇಬಲ್ಲಿನ ಕಡೆಗೆ ಕರೆದೊಯ್ಯುತ್ತದೆ. ಬಾಕ್ಸು ಅದೇ ಕೇಬಲ್ಲಿನ ಮೂಲಕ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಕಳಿಸಿ, ಯಾವ ಧ್ರುವೀಕರಣ ಬೇಕೆಂದು ತಿಳಿಸುತ್ತದೆ. ದಾರಿಯಲ್ಲಿ ವೋಲ್ಟೇಜ್ ಸೋರಿ 18ರ ಬದಲು 14 ತಲುಪಿದರೆ ಒಂದು ಗುಂಪಿನ ಚಾನೆಲ್‌ಗಳು ಪೂರ್ತಿ ಮಾಯವಾಗುತ್ತವೆ, ಇನ್ನೊಂದು ಗುಂಪು ಏನೂ ಆಗದಂತೆ ನಡೆಯುತ್ತಿರುತ್ತದೆ. ಸಮುದ್ರದ ಉಪ್ಪುಗಾಳಿ ಮಾಡುವ ಕೆಲಸವೇ ಇದು. ಬಾಕ್ಸಿನ ಪ್ಲಗ್ ತೆಗೆದಿಟ್ಟು, ಎಲ್‌ಎನ್‌ಬಿಯ ಕನೆಕ್ಟರನ್ನು ತಿರುಗಿಸಿ ಬಿಚ್ಚಿ ನೋಡಿ: ನಡುವಿನ ತಂತಿ ಹೊಳೆಯುವ ಬದಲು ಹಸಿರುಗಟ್ಟಿದ್ದರೆ, ಸುತ್ತಲಿನ ಹೆಣಿಗೆ ಕಪ್ಪಾಗಿ ಬೆರಳಿಗೆ ಪುಡಿ ಅಂಟಿದರೆ, ಬಿಳಿಯ ನೊರೆಪದರವನ್ನು ಹಿಂಡಿದಾಗ ನೀರು ಜಿನುಗಿದರೆ, ಕಾಯಿಲೆ ಸಿಕ್ಕಿತು. ಕೇಬಲ್ ಸಾಕಷ್ಟು ಉದ್ದವಿದ್ದರೆ ಒಳ್ಳೆಯ ಭಾಗ ಸಿಗುವ ತನಕ ತುದಿಯನ್ನು ಕತ್ತರಿಸಿ ಹೊಸ ಕನೆಕ್ಟರ್ ಹಾಕಬಹುದು. ಇಲ್ಲವಾದರೆ ಶುದ್ಧ ತಾಮ್ರದ ನಡುತಂತಿ ಇರುವ ಆರ್‌ಜಿ-6 ಕೇಬಲ್ಲನ್ನೇ, ನಡುವೆ ಎಲ್ಲಿಯೂ ಜೋಡಿಸದೆ, ಬಾಕ್ಸಿನ ತನಕ ಒಂದೇ ಎಳೆಯಾಗಿ ಎಳೆಯಿರಿ. ಅಗ್ಗದ ಕೇಬಲ್ಲುಗಳಲ್ಲಿ ಉಕ್ಕಿನ ತಂತಿಗೆ ತಾಮ್ರದ ಲೇಪ ಮಾತ್ರ ಇರುತ್ತದೆ. ಕನೆಕ್ಟರಿನ ಮೇಲೆ ರಬ್ಬರ್ ಟೋಪಿ ಹಾಕಿ, ಕೇಬಲ್ ಮನೆಯೊಳಗೆ ಹೋಗುವಲ್ಲಿ ಕೆಳಮುಖವಾಗಿ ಒಂದು ಬಳುಕು ಕೊಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಎಲ್‌ಎನ್‌ಬಿಯ ಮುಖದ ಪ್ಲಾಸ್ಟಿಕ್ ಮುಚ್ಚಳ ಬಿಸಿಲಿಗೆ ಬಿರುಕು ಬಿಟ್ಟಿದೆಯೇ, ಅದರೊಳಗೆ ಕಣಜ ಗೂಡು ಕಟ್ಟಿದೆಯೇ ಎಂಬುದನ್ನೂ ಅದೇ ಕೈಯಲ್ಲಿ ನೋಡಿಬಿಡಿ. ಬಿರುಕಿದ್ದರೆ ಎಲ್‌ಎನ್‌ಬಿ ಬದಲಿಸುವುದೇ ಲೇಸು.

ಈಗ ಬೂಸ್ಟರಿಗೆ ಬರೋಣ. ಎಲ್‌ಎನ್‌ಬಿಯೇ ಸಿಗ್ನಲ್ಲನ್ನು ಲಕ್ಷಪಟ್ಟಿಗೂ ಹೆಚ್ಚು ಹಿಗ್ಗಿಸಿ ಕೆಳಗೆ ಕಳಿಸುತ್ತದೆ. ಅದರ ನಂತರ ಹಾಕುವ ಬೂಸ್ಟರು ಬಂದದ್ದನ್ನೆಲ್ಲ, ಸದ್ದನ್ನೂ ಸೇರಿಸಿ, ದೊಡ್ಡದು ಮಾಡುತ್ತದೆ. ಜಾತ್ರೆಯ ಗದ್ದಲದಲ್ಲಿ ಪಿಸುಮಾತು ಕೇಳಿಸದಿದ್ದಾಗ ಮೈಕ್ ಹಿಡಿದರೆ ಗದ್ದಲವೂ ಅಷ್ಟೇ ಜೋರಾಗುತ್ತದೆ. ಸ್ಟ್ರೆಂತ್ ಪಟ್ಟಿ ಏರುವುದನ್ನು ನೋಡಿ ಗಿರಾಕಿಗೆ ಸಮಾಧಾನವಾಗುತ್ತದೆ, ಕ್ವಾಲಿಟಿ ಇದ್ದಲ್ಲೇ ಇರುತ್ತದೆ. ಬೂಸ್ಟರ್ ಉಪಯೋಗಕ್ಕೆ ಬರುವುದು ಒಂದೇ ಸಂದರ್ಭದಲ್ಲಿ: ಶಿರಸಿ, ಸಿದ್ದಾಪುರದ ಕಡೆಯ ತೋಟದ ಮನೆಗಳಂತೆ ಆಕಾಶ ಕಾಣುವ ಜಾಗ ಮನೆಯಿಂದ ದೂರವಿದ್ದು, 40–50 ಮೀಟರಿಗೂ ಉದ್ದದ ಕೇಬಲ್ ಎಳೆಯಬೇಕಾಗಿ ಬಂದಾಗ. ಆಗಲೂ ಅದನ್ನು ಟಿವಿಯ ಹಿಂದೆ ಹಾಕದೆ ಡಿಶ್ಶಿನ ಹತ್ತಿರವೇ ಹಾಕಬೇಕು. ಒಂದು ಡಿಶ್ಶಿನಿಂದ ಎರಡು ಟಿವಿಗೆ ಸ್ಪ್ಲಿಟರ್ ಹಾಕಿಸಿಕೊಂಡಿದ್ದರೆ ಅದನ್ನು ತೆಗೆದು ಎರಡು ಬಾಯಿಯ ಎಲ್‌ಎನ್‌ಬಿ ಹಾಕಿಸಿ.

ಇಷ್ಟೆಲ್ಲ ಆದಮೇಲೂ ಸಾಧಾರಣ ಮಳೆಗೆ ಚಿತ್ರ ಹೋಗುತ್ತಿದ್ದರೆ ಆಗ ದೊಡ್ಡ ಡಿಶ್ಶಿನ ಮಾತಾಡಬಹುದು, ಮತ್ತು ಆ ಹಣ ವ್ಯರ್ಥವಾಗದು. ಹಿಡಿಯುವ ಸಿಗ್ನಲ್ ಡಿಶ್ಶಿನ ವಿಸ್ತೀರ್ಣಕ್ಕೆ ತಕ್ಕಂತೆ ಹೆಚ್ಚುತ್ತದೆ: 60ರ ಬದಲು 75 ಸೆಂಟಿಮೀಟರಿನದಾದರೆ ಒಂದೂವರೆ ಪಟ್ಟು, 90ರದಾದರೆ ಎರಡೂಕಾಲು ಪಟ್ಟು. ಕರಾವಳಿಯ ಮನೆಗೆ 90 ಸಾಕು ಎಂಬುದು ನನ್ನ ಅಭಿಪ್ರಾಯ. ಅದರ ನೋಟದ ಅಗಲ 2 ಡಿಗ್ರಿಗೆ ಇಳಿಯುವುದರಿಂದ ದಿಕ್ಕು ಇನ್ನಷ್ಟು ಕರಾರುವಾಕ್ಕಾಗಿರಬೇಕು, ಗಾಳಿಯೂ ಎರಡು ಪಟ್ಟಿಗಿಂತ ಹೆಚ್ಚು ಬಲದಿಂದ ಅದನ್ನು ತಳ್ಳುತ್ತದೆ. ಆದ್ದರಿಂದ ಹಳೆಯ ಸಣ್ಣ ಪೈಪಿಗೆ ಅದನ್ನು ಸಿಕ್ಕಿಸದೆ, ಎರಡು ಇಂಚಿನ ಜಿಐ ಪೈಪನ್ನು ನೆಲದಲ್ಲಿ ಕಾಂಕ್ರೀಟ್ ಹಾಕಿ ನಿಲ್ಲಿಸಿ, ಕಾಂಕ್ರೀಟ್ ಗಟ್ಟಿಯಾದ ಮೇಲೆಯೇ ಡಿಶ್ ಏರಿಸಿ. ತುಕ್ಕು ಹಿಡಿಯದ ಬೋಲ್ಟ್ ಸಿಕ್ಕರೆ ಅದನ್ನೇ ಹಾಕಿಸಿ, ಸಿಗದಿದ್ದರೆ ಬೋಲ್ಟಿನ ಎಳೆಗಳಿಗೆ ಗ್ರೀಸ್ ಸವರಿಸಿ. ಪ್ರತಿ ಮೇ ತಿಂಗಳಲ್ಲಿ ಅವನ್ನು ಒಮ್ಮೆ ಬಿಗಿದು, ಬರೆದಿಟ್ಟ ಕ್ವಾಲಿಟಿಯ ಅಂಕಿಯೊಂದಿಗೆ ಹೋಲಿಸಿ ನೋಡಿದರೆ, ಡಿಶ್ ಜರುಗಿದ್ದು ಮೊದಲ ಮಳೆಗಿಂತ ಮುಂಚೆಯೇ ಗೊತ್ತಾಗುತ್ತದೆ.